ಬೆಲ್ ಆದಾಗಲೆಲ್ಲ ಟವೆಲ್ ಯಾಕ್ರೀ?

ಲಿಫ್ಟಿನಲ್ಲಿ "ನೈಟಿ ತೊಟ್ಟು ಹೊರಗೆ ಓಡಾಡಬೇಡಿ" ಎಂಬ ಚೀಟಿ ಅಂಟಿಸಿದ್ದೇ ತಡ, ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು ಎರಡು ಹೋಳಾಯಿತು. ಸಭ್ಯ ಉಡುಪು ಯಾವುದು ಎಂದು ಎಲ್ಲರೂ ತೀರ್ಪು ಕೊಟ್ಟರು. ಆರೋಪಿಯ ಹೇಳಿಕೆಯನ್ನು ಮಾತ್ರ ಯಾರೂ ಪಡೆಯಲಿಲ್ಲ. ಬಾಲ್ಕನಿಯ ತಂತಿಯ ಮೇಲೆ ಒಣಗುತ್ತಿದ್ದ ನೈಟಿಯನ್ನು ಮಾತಿಗೆಳೆದೆ.

ನಿಮ್ಮ ಮೇಲಿನ ಆರೋಪಕ್ಕೆ ಏನಂತೀರಿ?

ನೈಟಿ: ಅದಿರಲಿ, ಮೊದಲು ಟವೆಲ್ ವಿಷಯ ಇತ್ಯರ್ಥ ಆಗಲಿ. ಸೀರೆಯಲ್ಲಿ ಸೊಂಟ ಕಂಡರೆ ಸಂಸ್ಕೃತಿ. ನಾನು ಕತ್ತಿನಿಂದ ಹಿಮ್ಮಡಿವರೆಗೆ ಮುಚ್ಚಿದ್ದೀನಿ. ಆದ್ರೂ ಬೆಲ್ ಆದ ಕೂಡಲೇ ಹೆಗಲ ಮೇಲೊಂದು ಟವೆಲ್! ಅದೂ ಯಜಮಾನರು ಆಗಷ್ಟೇ ತಲೆ ಒರೆಸಿಟ್ಟ ಒದ್ದೆ ಟವೆಲ್ ಕಣ್ರೀ. ಬಾಗಿಲಲ್ಲಿ ಯಾರು? ಗ್ಯಾಸ್ ಸಿಲಿಂಡರ್ ಹುಡುಗ. ಅವನ ಗಮನವೆಲ್ಲ ಚಿಲ್ಲರೆ ಮೇಲೆ.

ನೀವು ಇಂಗ್ಲಿಷರ ನೈಟ್‌ಗೌನಿನ ವಂಶದವರು. ಆದರೂ ಪಾಶ್ಚಾತ್ಯ ಉಡುಪು ಅಂತ ನಿಮ್ಮನ್ನ ಯಾರೂ ಬೈಯೋದಿಲ್ಲ.

ನೈಟಿ: ಅಡುಗೆಮನೆಯಲ್ಲಿ ದುಡಿಯೋ ತನಕ ಎಲ್ಲರೂ ಸ್ವದೇಶಿ. ಗೇಟು ದಾಟಿದ್ರೆ ಜಾತಕ ತೆಗೀತಾರೆ.

ನಿಮಗೆ ಜೇಬಿದೆಯಾ?

ನೈಟಿ: ಬಲಗಡೆ ಒಂದಿದೆ. ಏನೀಗ?

ಏನೀಗ ಅಂದ್ರೆ! ಎರಡು ಸಾವಿರದ ಕುರ್ತಾಗೆ ಅದೊಂದೂ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಬಸ್ಸು ಪುಕ್ಕಟೆ ಆಯ್ತು. ಆದ್ರೆ ತೋರಿಸಬೇಕಾದ ಗುರುತಿನ ಚೀಟಿ ಎಲ್ಲಿಟ್ಟುಕೊಳ್ಳೋದು? ಬ್ಯಾಗಿನ ತಳ ಕೆದಕುವಷ್ಟರಲ್ಲಿ ಎರಡು ಸ್ಟಾಪು ದಾಟಿರುತ್ತೆ, ಕಂಡಕ್ಟರ್ ಮುಖ ಕೆಂಪಾಗಿರುತ್ತೆ. ನಮ್ಮ ಜೀನ್ಸಿಗೆ ಎಷ್ಟೋ ಸಲ ಜೇಬಿನ ಹೊಲಿಗೆ ಇರುತ್ತೆ, ಜೇಬಿರೋದಿಲ್ಲ. ಟೈಲರ್‌ನ ಕೇಳಿದ್ರೆ "ಶೇಪ್ ಕೆಡುತ್ತೆ ಮೇಡಂ" ಅಂತಾನೆ. ಯಾರ ಶೇಪು? ಯಾರಿಗೋಸ್ಕರ?

ನೈಟಿ: ಸಂದರ್ಶನ ನನ್ನದಾ, ನಿಮ್ಮದಾ?

ಸರಿ, ಸರಿ. ಗ್ರೇಟರ್ ನೋಯ್ಡಾದ ಅಪಾರ್ಟ್‌ಮೆಂಟೊಂದು 2023ರಲ್ಲಿ ನಿಮ್ಮ ಜೊತೆ ಲುಂಗಿಯೂ ಹೊರಗೆ ಬೇಡ ಅಂದಿತು. ಸಮಾನತೆ ಬಂತಲ್ಲ?

ನೈಟಿ: ಲುಂಗಿ ಬಿಚ್ಚಿಟ್ಟವನು ಚಡ್ಡಿ ಏರಿಸಿಕೊಂಡು ಬರ್ತಾನೆ. ಒಲೆ ಮೇಲೆ ಸಾರು, ಕಂಕುಳಲ್ಲಿ ಕೂಸು ಇಟ್ಕೊಂಡವಳು ಅರ್ಧ ಲೀಟರ್ ಹಾಲಿಗೆ ಐದೂವರೆ ಮೀಟರ್ ಸೀರೆ ಉಡಬೇಕಾ?

ಆದರೆ ನಟ ರಣವೀರ್ ಸಿಂಗ್ ಲಂಗ ತೊಟ್ಟೇ ಸಮಾರಂಭಕ್ಕೆ ಬಂದಿದ್ದರು...

ನೈಟಿ: ಬರಲಿ. ಅವರ ಹೆಗಲಿಗೆ ಯಾರಾದ್ರೂ ಟವೆಲ್ ಹಾಕಿದ್ರಾ?

ನಿಮ್ಮನ್ನ ನಿಷೇಧಿಸಿದ ತೋಕಲಪಲ್ಲಿಯ ಪ್ರಸಂಗ ಭಾರೀ ತಮಾಷೆಯಾಗಿತ್ತು, ಅಲ್ವಾ?

ನೈಟಿ: ತಮಾಷೆನಾ? 2018ರಲ್ಲಿ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ಆ ಊರ ಹಿರಿಯರು, ಬೆಳಿಗ್ಗೆ 7ರಿಂದ ಸಂಜೆ 7ರವರೆಗೆ ನನ್ನನ್ನು ತೊಟ್ಟು ಓಡಾಡಿದರೆ 2,000 ರೂಪಾಯಿ ದಂಡ ಅಂದ್ರು. ಹಿಡಿದುಕೊಟ್ಟವರಿಗೆ 1,000 ಬಹುಮಾನ. ಪಕ್ಕದ ಮನೆಯವಳು ಅಂಗಡಿಗೆ ಹೊರಟಳಾ ಅಂತ ಕಿಟಕಿಯಲ್ಲಿ ಕಣ್ಣಿಟ್ಟು ಕೂತರೆ ಕೂಲಿ! ದೂರದ ಊರು ಬಿಡಿ. 2016ರ ಡಿಸೆಂಬರ್ 31ರ ರಾತ್ರಿ ನಿಮ್ಮ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯಲ್ಲಿ ಹೆಣ್ಣುಮಕ್ಕಳ ಮೈಮೇಲೆ ಕೈಹಾಕಿದ್ರು. ಆಗಿನ ಗೃಹಸಚಿವ ಜಿ. ಪರಮೇಶ್ವರ್ ಪಾಶ್ಚಾತ್ಯರಂತೆ ಉಡುಪು ತೊಡುವ ಮಾತೆತ್ತಿದರು. ಕೈಹಾಕಿದವನು ಏನು ತೊಟ್ಟಿದ್ದ ಅಂತ ಯಾರು ಕೇಳಿದ್ರು? ಹೊಲದಲ್ಲಿ ಸೀರೆ ಉಟ್ಟವಳನ್ನೂ ಬಿಡಲ್ಲ, ಶಾಲೆಯ ಯೂನಿಫಾರಂ ತೊಟ್ಟ ಮಗುವನ್ನೂ ಬಿಡಲ್ಲ. ಆಮೇಲೆ ಠಾಣೆಯಿಂದ ಅಡುಗೆಮನೆವರೆಗೆ ಒಂದೇ ಪ್ರಶ್ನೆ, ಅವಳೇನು ಹಾಕ್ಕೊಂಡಿದ್ಳು? ನಾಚಿಕೆ ಆಗಬೇಕು.

ಆಗಬೇಕು. ಒಂದೇ ಒಂದು ಕೊನೆಯ ಪ್ರಶ್ನೆ. ಎಡಗಡೆಗೂ ಒಂದು ಜೇಬು ಇಟ್ಟರೆ...

ನೈಟಿ: ಅಯ್ಯೋ ನಿಮ್ಮ ಜೇಬೇ! ದಿನಾ ಬೆಳಿಗ್ಗೆ ಮೇಲೆ ಬರೀ ಬನಿಯನ್ ಇಟ್ಕೊಂಡು, ಮೊಣಕಾಲು ತೋರಿಸ್ಕೊಂಡು, ನಾಯಿ ಆಡಿಸೋಕೆ ಬರ್ತಾನಲ್ಲ ಆ ಬರ್ಮುಡಾ, ಅವನಿಗೆ ಆರು ಜೇಬು. ಇಲ್ಲಿವರೆಗೆ ಅವನನ್ನು ಯಾರೂ ಒಂದು ಪ್ರಶ್ನೆನೂ ಕೇಳಿಲ್ಲ. ಹೋಗಿ, ಅವನ ಸಂದರ್ಶನ ಮಾಡಿ.