ಅಮ್ಮನಿಗೆ ಒಂದೇ ಸಾಲು

ಸಾಧಕಿಯರ ಸನ್ಮಾನ ಸಮಿತಿಯ ಮಾನ್ಯ ಅಧ್ಯಕ್ಷರಿಗೆ,

ಸನ್ಮಾನಿತರ ಪರಿಚಯಕ್ಕೆಂದು ನೀವು ಕಳಿಸಿದ ಫಾರಂ ತಲುಪಿತು. ಪ್ರಶಸ್ತಿಗಳಿಗೆ ಹತ್ತು ಸಾಲು, ವಿದೇಶ ಪ್ರವಾಸಕ್ಕೆ ಐದು, ‘ತಾಯಿಯ ಪ್ರೋತ್ಸಾಹ’ಕ್ಕೆ ಒಂದು. ಅಳತೆ ಸರಿಯಾಗೇ ಇದೆ. ಅಮ್ಮಂದಿರ ವಿಷಯ ಲಂಬಿಸಿದರೆ ಸಭಿಕರು ಕಡೇ ಬಸ್ಸಿನ ಹೊತ್ತು ನೋಡತೊಡಗುತ್ತಾರೆ.

ಆದರೂ ಈ ಫಾರಂ ಗಂಗೂಬಾಯಿ ಹಾನಗಲ್ ಅವರ ಕೈಗೆ ಬಂದಿದ್ದರೆ ಏನು ಮಾಡುತ್ತಿದ್ದರೋ! ಸವಾಯಿ ಗಂಧರ್ವರ ಶಿಷ್ಯೆ, ಕಿರಾನಾ ಘರಾಣೆಯ ದೊಡ್ಡ ಹೆಸರು, 2002ರಲ್ಲಿ ಪದ್ಮವಿಭೂಷಣ. ನಿಮ್ಮ ಹತ್ತು ಸಾಲು ಎಲ್ಲಿಗೂ ಸಾಲುತ್ತಿರಲಿಲ್ಲ. ತೊಡಕಿರುವುದು ತಾಯಿಯ ಸಾಲಿನಲ್ಲಿ. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಧಾರವಾಡದ ಮನೆಗೆ ಬಂದು ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನರೇ ಅವರ ಹಾಡು ಕೇಳುತ್ತಿದ್ದರಂತೆ. ಮಗಳು ಹಿಂದೂಸ್ತಾನಿ ಕಲಿಯಲು ಕೂತಾಗ, ತನ್ನ ಗಾಯನ ಅವಳ ಕಿವಿಗೆ ಬಿದ್ದು ಕಲಿಕೆ ಕೆಟ್ಟೀತೆಂದು ಆಕೆ ಹಾಡುವುದನ್ನೇ ಬಿಟ್ಟರು. ಇದು ಪ್ರೋತ್ಸಾಹವೋ, ನಷ್ಟವೋ? ನಷ್ಟ ಬರೆಯಲು ನೀವು ಜಾಗ ಬಿಟ್ಟಿಲ್ಲ.

ಇನ್ನು ಗಂಗೂಬಾಯಿಯವರ ಮಗಳು ಕೃಷ್ಣಾ. ಅವರೂ ಗಾಯಕಿಯೇ. ವರ್ಷಗಟ್ಟಲೆ ಅಮ್ಮನ ಹಿಂದೆ ತಂಬೂರಿ ಹಿಡಿದು ಕೂತು, ಆ ಗಡಸು ದನಿಗೆ ತಮ್ಮ ದನಿ ಕೂಡಿಸಿದರು. ಅಮ್ಮನಿಗಿಂತ ಐದು ವರ್ಷ ಮೊದಲೇ, 2004ರಲ್ಲಿ ತೀರಿಕೊಂಡರು. ಶಾಲು ಹೊದಿಸುವವರ ಕಣ್ಣಿಗೆ ಮುಂದೆ ಕೂತವರೇ ಕಾಣುವುದು. ಅದು ನಿಮ್ಮ ತಪ್ಪಲ್ಲ ಬಿಡಿ, ವೇದಿಕೆ ಕಟ್ಟುವುದೇ ಹಾಗೆ.

ನಮ್ಮವ್ವ ಹಾಡುವವಳಲ್ಲ. ಮಾಸ್ತರಿಕೆಯ ಆರ್ಡರು ದೂರದ ಊರಿಗೆ ಬಂತು, ನಾನು ಆಗ ಎಸ್ಸೆಸ್ಸೆಲ್ಸಿ, ಅವಳು ಹೋಗಲಿಲ್ಲ. ಆ ಆರ್ಡರು ಇನ್ನೂ ಟ್ರಂಕಿನ ತಳದಲ್ಲಿ, ರೇಷನ್ ಕಾರ್ಡಿನ ಕೆಳಗೆ, ಮಡಿಕೆ ಮಡಿಕೆಗೆ ಹರಿದುಕೊಂಡು ಬಿದ್ದಿದೆ. ಕೇಳಿದರೆ, “ನಂದೇನೈತಿ ಬಿಡು, ನೀ ಪಾಸಾದ್ಯಲ್ಲ” ಅನ್ನುತ್ತಾಳೆ. ಅಂದಾಗೆಲ್ಲ ನನ್ನ ಮಾರ್ಕ್ಸ್ ಕಾರ್ಡು ಸಾಲದ ಪತ್ರದ ಹಾಗೆ ಕಾಣುತ್ತದೆ. ಗೆದ್ದೆ ಅನ್ನಿಸುವ ಮೊದಲೇ, ಯಾರ ಪಾಲನ್ನು ಉಂಡೆ ಅನ್ನಿಸುತ್ತದೆ. ಇದಕ್ಕೂ ನಿಮ್ಮ ಫಾರಂನಲ್ಲಿ ಜಾಗವಿಲ್ಲ. ಇಲ್ಲದ್ದು ಒಳ್ಳೆಯದೇ, ಕಾರ್ಯಕ್ರಮ ಸಂಭ್ರಮದ್ದು.

ಒಂದೇ ವಿನಂತಿ. ನನ್ನ ಪರಿಚಯ ಓದುವಾಗ ‘ಮಾತೃಶ್ರೀಯವರ ಆಶೀರ್ವಾದದಿಂದ’ ಎನ್ನಬೇಡಿ. ಆಕೆ ಆಶೀರ್ವಾದ ಮಾಡಿದ್ದಕ್ಕಿಂತ ನೌಕರಿ ಬಿಟ್ಟಿದ್ದು ದೊಡ್ಡದು, ಅದನ್ನೇ ಓದಿ. ಆಮೇಲೆ, ಊಟದ ಕೂಪನ್ ಒಬ್ಬರಿಗೆ ಮಾತ್ರ ಅಂತಿದೆ. ಅವ್ವ ಬರುತ್ತಾಳೆ, ನನ್ನ ಮಗಳೂ ಬರುತ್ತಾಳೆ. ಮೂರು ಕಳಿಸಿ.

ಇಂತಿ,
ನಿಮ್ಮ ಈ ವರ್ಷದ ಸಾಧಕಿ