ಕಲಿಯುವವನ ಸದ್ದು ಮಾತ್ರ ಗಲಾಟೆ

ಬೊಮ್ರಾಸಪೇಟ್‌ನಲ್ಲಿ ಹುಡುಗನೊಬ್ಬ ಗಿಟಾರ್ ಹಿಡಿದರೆ ಸಾಕು, ಓಣಿಗೆಲ್ಲ ಸಂಸ್ಕೃತಿ ನೆನಪಾಗುತ್ತದೆ.

ಗಣಪತಿ ಮೆರವಣಿಗೆಯ ಡಿಜೆಗೆ ಕಿಟಕಿ ಗಾಜು ನಡುಗಿದಾಗ ನೆನಪಾಗದ ಸಂಸ್ಕೃತಿ ಅದು. ಅಂದು ಡಿಜೆ ಮುಂದೆ ನಡುರಾತ್ರಿವರೆಗೆ ಕುಣಿದ ಕಾಕಾನಿಗೆ, ಇಂದು ಪಕ್ಕದ ಮನೆಯ ಆರು ತಂತಿಯ ಟಿಂಗ್ ಟಿಂಗ್ ಕೇಳಿ ಬಿಪಿ ಏರುತ್ತದೆ. "ತಮ್ಮಾ, ಇದು ನಮ್ಮ ಮಂದೀದಲ್ಲೋ. ಹಾರ್ಮೋನಿಯಂ ಕಲಿ."

ಹಾರ್ಮೋನಿಯಂ! 1842ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಆದ ಪೆಟ್ಟಿಗೆ. ನಮ್ಮ ಸಂಗೀತದ ಗಮಕಕ್ಕೆ ಇದು ಒಗ್ಗದು ಎಂದು 1940ರಲ್ಲಿ ಆಕಾಶವಾಣಿ ಅದರ ಮುಖಕ್ಕೆ ಬಾಗಿಲು ಹಾಕಿತು, ಮೂರು ದಶಕ ತೆರೆಯಲಿಲ್ಲ. ಭಜನೆಯವರು ಕೇರ್ ಮಾಡಲಿಲ್ಲ. ಒಳ್ಳೆಯದೇ ಮಾಡಿದರು.

ಅತ್ತ ವಿಶ್ವಮೋಹನ ಭಟ್ಟರು ಗಿಟಾರಿಗೆ ಇನ್ನಷ್ಟು ತಂತಿ ಬಿಗಿದು ಮೋಹನ ವೀಣೆ ಮಾಡಿದರು. 1994ರಲ್ಲಿ ಗ್ರ್ಯಾಮಿ ಗೆದ್ದರು. ಆ ಸುದ್ದಿಯನ್ನು ಕಾಕಾ ಈಗಲೂ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡುತ್ತಾರೆ, ಹೆಮ್ಮೆಯಿಂದ. ಪ್ರಶಸ್ತಿ ಬಂದ ಮೇಲೆ ಎಲ್ಲವೂ ನಮ್ಮ ಮಂದಿಯದೇ.

ಮನೆಯೊಳಗೆ ಅಪ್ಪ ಕಾದಿರುತ್ತಾನೆ. "ಇದರಿಂದ ನೌಕರಿ ಸಿಗ್ತದೇನು?" ಮಗ ಗಂಟೆಗಟ್ಟಲೆ ರೀಲ್ಸ್ ತಿಕ್ಕುವಾಗ ಈ ಪ್ರಶ್ನೆ ಹುಟ್ಟಲಿಲ್ಲ. ಆಗ ಅಪ್ಪನೂ ರೀಲ್ಸ್ ತಿಕ್ಕುತ್ತಿದ್ದ.

ಇನ್ನು ಮಾರುವವರು. ಮೂವತ್ತು ದಿನದಲ್ಲಿ ಗಿಟಾರ್, ಗ್ಯಾರಂಟಿ! ಪಾರ್ಸಲ್‌ನಲ್ಲಿ ಬರುವ ಅಗ್ಗದ ಗಿಟಾರಿನ ತಂತಿಗಳ ಕೆಳಗೆ ಇರುವೆಗಳ ದಿಬ್ಬಣ ತಲೆ ಬಗ್ಗಿಸದೆ ಹೋಗಬಹುದು, ಅಷ್ಟು ಎತ್ತರ. ಒತ್ತಿದರೆ ಸ್ವರಕ್ಕಿಂತ ಮೊದಲು ರಕ್ತ ಬರುವಂತಿರುತ್ತದೆ. ತಂತಿಗಳು ಕೂರುವ ಪಟ್ಟಿ, ಅಂದರೆ ಸ್ಯಾಡಲ್, ಉಜ್ಜಿ ತಗ್ಗಿಸಿದರೆ ಸರಿಹೋಗುತ್ತದೆಂದು ಯಾರೂ ಹೇಳುವುದಿಲ್ಲ. ಬೆರಳ ತುದಿ ಗಟ್ಟಿಯಾಗಲು ವಾರಗಳು ಬೇಕು, ಅದನ್ನೂ ಹೇಳುವುದಿಲ್ಲ. ಹುಡುಗ ತನ್ನ ಕೈಯೇ ಸರಿ ಇಲ್ಲ ಅಂದುಕೊಳ್ಳುತ್ತಾನೆ.

ಹುಡುಗನೇನು ಕಡಿಮೆಯೇ? ತಂತಿ ಶ್ರುತಿಗೆ ಬರುವ ಮೊದಲೇ ಸ್ಟೇಟಸ್ ಬಂದಿರುತ್ತದೆ.

ಗುರು ಮೊಬೈಲ್‌ನಲ್ಲಿದ್ದಾನೆ. ಇಂಗ್ಲಿಷ್, ಹಿಂದಿ, ತೆಲುಗು ಎಲ್ಲದರಲ್ಲೂ ಕಲಿಸುತ್ತಾನೆ. ತಪ್ಪು ನುಡಿಸಿದರೆ ಮಾತ್ರ ಯಾವ ಭಾಷೆಯಲ್ಲೂ ತಡೆಯುವುದಿಲ್ಲ. ಜಿ, ಸಿ, ಡಿ ಕಾರ್ಡ್‌ಗಳು ಹೇಗೋ ದಾಟುತ್ತವೆ. ಆಮೇಲೆ ಎಫ್ ಕಾರ್ಡ್. ತೋರುಬೆರಳೊಂದೇ ಆರೂ ತಂತಿಗಳನ್ನು ಅಡ್ಡಡ್ಡ ಅದುಮಬೇಕು. ಕೈ ಹೀಗೆ ತಿರುಗಿಸು, ಹೆಬ್ಬೆರಳು ಕೆಳಗಿಳಿಸು ಎಂದು ಪಕ್ಕದಲ್ಲಿ ಕೂತು ಹೇಳುವವರು ಬೇಕಾದ ಜಾಗ ಅದೇ. ಅಲ್ಲಿಯೇ ಯಾರೂ ಇರುವುದಿಲ್ಲ. ಗಿಟಾರ್ ಅಟ್ಟ ಸೇರುತ್ತದೆ. "ನಾ ಮೊದಲೇ ಹೇಳಿರಲಿಲ್ಲೇನು?" ಎನ್ನಲು ಕಾಕಾ ಹಾಜರ್.

ಕಾಕಾ, ಒಂದು ವರ್ಷ ಸುಮ್ಮನಿರಿ. ಈ ಸಲ ಡಿಜೆಗೆ ಎತ್ತುವ ಚಂದಾದಲ್ಲಿ ಅರ್ಧ ತೆಗೆದಿಟ್ಟು, ವಾರಕ್ಕೊಮ್ಮೆ ಕಲಿಸಲು ಒಬ್ಬ ಮಾಸ್ತರನ್ನು ಕರೆಸಿ.