ನಮ್ಮ ಹಿಟ್ಟಿಗೆ, ನಮ್ಮ ಹವೆಗೆ ಬರೆಯಿರಿ

ಬ್ರೆಡ್, ಬಿಸ್ಕತ್ತಿನ ರೆಸಿಪಿ ಬರೆಯುವ, ವಿಡಿಯೊ ಮಾಡುವ ಎಲ್ಲರಿಗೂ ಬಹಿರಂಗ ಪತ್ರ

ಮಾನ್ಯರೇ,

ಭಾನುವಾರದ ಪುರವಣಿಗಳಲ್ಲಿ, ಮಹಿಳಾ ಪತ್ರಿಕೆಗಳಲ್ಲಿ, ಮೊಬೈಲಿನ ವಿಡಿಯೊಗಳಲ್ಲಿ ನೀವು ಕೊಡುವ ಬ್ರೆಡ್, ಬಿಸ್ಕತ್ತಿನ ರೆಸಿಪಿಗಳನ್ನು ನಾನು ತಪ್ಪದೆ ನೋಡುತ್ತೇನೆ. ನೀವಿಲ್ಲದಿದ್ದರೆ ಎಷ್ಟೋ ಮನೆಗಳಿಗೆ ಯೀಸ್ಟಿನ ಪರಿಚಯವೇ ಆಗುತ್ತಿರಲಿಲ್ಲ. ಆ ಋಣ ಮನಸ್ಸಿನಲ್ಲಿಟ್ಟುಕೊಂಡೇ ಒಂದು ದೂರು ಹೇಳಬೇಕಾಗಿದೆ. ನೀವು ಬರೆಯುವುದು ಕನ್ನಡದಲ್ಲಿ. ಆದರೆ ಅದರೊಳಗಿನ ಅಳತೆ, ಹವೆ, ಹಿಟ್ಟು ಎಲ್ಲವೂ ಬೇರೆ ದೇಶದವು. ‘ಮೂರು ಕಪ್ ಮೈದಾ, ಒಂದು ಪ್ಯಾಕೆಟ್ ಯೀಸ್ಟ್, ರೂಮ್ ಟೆಂಪರೇಚರಿನಲ್ಲಿ ಒಂದೂವರೆ ಗಂಟೆ’ ಎಂದು ಬರೆದು ಮುಗಿಸುತ್ತೀರಿ. ಅದನ್ನು ನಂಬಿ ಮಾಡಿದ ಬ್ರೆಡ್ ಉಬ್ಬದೆ ಗಟ್ಟಿಯಾಗಿ ಕೂತಾಗ ಮನೆಯಾಕೆ ‘ನನಗೆ ಕೈಗುಣವಿಲ್ಲ’ ಎಂದುಕೊಳ್ಳುತ್ತಾಳೆ. ಹೊಸ ಓವನ್ ಅಟ್ಟ ಸೇರುತ್ತದೆ. ಹಾಗೆ ಅಟ್ಟ ಸೇರಿದ ಓವನ್ನುಗಳು ನನ್ನ ಪರಿಚಯದ ಮನೆಗಳಲ್ಲೇ ಇವೆ. ಆ ಹೆಂಗಸರೆಲ್ಲ ಹೋಳಿಗೆಯ ಕಣಕವನ್ನು ಕಣ್ಣು ಮುಚ್ಚಿ ಹದಕ್ಕೆ ತರಬಲ್ಲವರು. ಕೈಗುಣ ಅವರಲ್ಲಿ ಬೇಕಾದಷ್ಟಿದೆ.

ಮೊದಲು ಕಪ್ಪಿನ ಮಾತು. ಅಮೆರಿಕದ ಅಳತೆಯ ಕಪ್ ಸುಮಾರು 240 ಮಿಲಿ. ನಮ್ಮ ಮನೆಗಳಲ್ಲಿ ಕಪ್ ಎಂದರೆ ಕಾಫಿಯ ಕಪ್ಪು, ಇಲ್ಲವೇ ಸ್ಟೀಲಿನ ಲೋಟ; ಒಂದೊಂದು ಮನೆಯದು ಒಂದೊಂದು ಗಾತ್ರ. ಸರಿಯಾದ ಕಪ್ಪನ್ನೇ ಕೊಂಡುತಂದರೂ ಚಮಚದಲ್ಲಿ ಹಗುರವಾಗಿ ತುಂಬಿದರೆ 120 ಗ್ರಾಂ ಮೈದಾ ಹಿಡಿಯುತ್ತದೆ, ಡಬ್ಬಿಗೇ ಅದ್ದಿ ಒತ್ತಿ ತುಂಬಿದರೆ 150 ಗ್ರಾಂ. ಮೂರು ಕಪ್ಪಿಗೆ 90 ಗ್ರಾಂ ವ್ಯತ್ಯಾಸ. ಅಷ್ಟು ಹಿಟ್ಟು ಹೆಚ್ಚಾದರೆ ಯಾವ ಬ್ರೆಡ್ಡೂ ಸರಿಯಾಗಿ ಉಬ್ಬುವುದಿಲ್ಲ. ದಯವಿಟ್ಟು ಗ್ರಾಮಿನಲ್ಲಿ ಬರೆಯಿರಿ. ಅಡುಗೆಮನೆಯ ತಕ್ಕಡಿ ಈಗ ದುಬಾರಿ ವಸ್ತುವೇನಲ್ಲ. ನೀವು ಕೊಳ್ಳಲು ಹೇಳುವ ಬಣ್ಣಬಣ್ಣದ ಅಚ್ಚುಗಳಿಗಿಂತ ಮೊದಲು ಬೇಕಾದದ್ದು ಅದು. 500 ಗ್ರಾಂ ಮೈದಾ, 310 ಮಿಲಿ ನೀರು, 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 9 ಗ್ರಾಂ ಉಪ್ಪು, ಒಂದು ಚಮಚ ಸಕ್ಕರೆ, ಎರಡು ಚಮಚ ಎಣ್ಣೆ. ಇಷ್ಟಿದ್ದರೆ ನಾಲ್ಕು ಜನರ ಮನೆಗೆ ಬೆಳಗಿನ ತಿಂಡಿಗೂ ಸಂಜೆಯ ಚಹಾಕ್ಕೂ ಸಾಲುವಷ್ಟು ಬ್ರೆಡ್ ಆಗುತ್ತದೆ. ‘ಒಂದು ಪ್ಯಾಕೆಟ್ ಯೀಸ್ಟ್’ ಎಂಬುದು ಅಮೆರಿಕದಲ್ಲಿ 7 ಗ್ರಾಮಿನ ಪೊಟ್ಟಣ. ನಮ್ಮ ಅಂಗಡಿಯ ಪೊಟ್ಟಣದ ತೂಕ ಬೇರೆ ಇರಬಹುದು. ಇನ್‌ಸ್ಟಂಟ್ ಯೀಸ್ಟನ್ನು ನೇರವಾಗಿ ಹಿಟ್ಟಿಗೆ ಬೆರೆಸಬಹುದು, ಆ್ಯಕ್ಟಿವ್ ಡ್ರೈ ಯೀಸ್ಟನ್ನು ಮಾತ್ರ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿಡಬೇಕು ಎಂಬ ಒಂದೇ ಒಂದು ಸಾಲನ್ನು ನೀವು ಸೇರಿಸಿದರೆ ಎಷ್ಟೋ ಗೊಂದಲ ತಪ್ಪುತ್ತದೆ.

ಇನ್ನು ‘ರೂಮ್ ಟೆಂಪರೇಚರ್’. ನೀವು ಎತ್ತಿಕೊಳ್ಳುವ ಪುಸ್ತಕಗಳಲ್ಲಿ ಅದು ಸುಮಾರು 21ರಿಂದ 24 ಡಿಗ್ರಿ ಸೆಲ್ಸಿಯಸ್. ರಾಯಚೂರಿನ ಏಪ್ರಿಲ್ 40 ಡಿಗ್ರಿ ದಾಟುತ್ತದೆ. ಮಡಿಕೇರಿಯ ಡಿಸೆಂಬರಿನಲ್ಲಿ ಹಿಟ್ಟು ಮಧ್ಯಾಹ್ನದವರೆಗೂ ಅಲ್ಲಾಡುವುದಿಲ್ಲ. ಇವೆರಡಕ್ಕೂ ಒಂದೇ ‘ಒಂದೂವರೆ ಗಂಟೆ’ ಹೇಗೆ ಹೊಂದೀತು? ನ್ಯೂಯಾರ್ಕಿನ ಜಿಮ್ ಲೇಹಿ ಎಂಬ ಬೇಕರಿಯವರ ನಾದದೆ ಮಾಡುವ ಬ್ರೆಡ್ಡನ್ನು 2006ರ ನವೆಂಬರಿನಲ್ಲಿ ಮಾರ್ಕ್ ಬಿಟ್‌ಮನ್ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಬರೆದು ಜಗತ್ತಿಗೆಲ್ಲ ಪರಿಚಯಿಸಿದರು. ಕಾಲು ಚಮಚ ಯೀಸ್ಟ್ ಹಾಕಿ 12ರಿಂದ 18 ಗಂಟೆ ಹಾಗೇ ಬಿಡುವ, ನಿಜಕ್ಕೂ ಸುಲಭವಾದ ವಿಧಾನ. ಕನ್ನಡದಲ್ಲೂ ಅದು ಇದ್ದ ಹಾಗೇ ಇಳಿದಿದೆ, ಗಂಟೆಗಳ ಸಮೇತ. ನಮ್ಮ ಬೇಸಿಗೆಯಲ್ಲಿ ಅಷ್ಟು ಹೊತ್ತು ಬಿಟ್ಟರೆ ಹಿಟ್ಟು ಹುಳಿ ಬಂದು, ಉಬ್ಬಿದ್ದು ಇಳಿದು, ಪಾತ್ರೆಯ ತಳದಲ್ಲಿ ನೀರಾಡುತ್ತಿರುತ್ತದೆ.

ದೋಸೆ ಹಿಟ್ಟಿಗೆ ನಮ್ಮ ಅಮ್ಮಂದಿರು ಎಂದೂ ಗಡಿಯಾರ ನೋಡಿದವರಲ್ಲ. ಚಳಿಗಾಲದಲ್ಲಿ ಪಾತ್ರೆಯನ್ನು ಒಲೆಯ ಬಳಿ ಇಟ್ಟು ಕಂಬಳಿ ಹೊದಿಸುತ್ತಾರೆ, ಬೇಸಿಗೆಯಲ್ಲಿ ರುಬ್ಬುವುದನ್ನೇ ತಡ ಮಾಡುತ್ತಾರೆ. ಹುದುಗು ಬಂತೋ ಇಲ್ಲವೋ ಎಂಬುದನ್ನು ವಾಸನೆ ಹೇಳುತ್ತದೆ, ಮೇಲಿನ ಗುಳ್ಳೆ ಹೇಳುತ್ತದೆ. ಬ್ರೆಡ್ಡಿನ ಹಿಟ್ಟಿಗೂ ಅಂಥ ಗುರುತುಗಳಿವೆ. ಅವನ್ನು ಬರೆಯಿರಿ. ಹಿಟ್ಟು ಎರಡರಷ್ಟಾಗಿರಬೇಕು. ಬೆರಳಿಗೆ ಒಣಹಿಟ್ಟು ಹಚ್ಚಿ ಮೆಲ್ಲಗೆ ಒತ್ತಿದಾಗ ಕುಳಿ ತಟ್ಟನೆ ಮುಚ್ಚಿದರೆ ಇನ್ನೂ ಹೊತ್ತು ಬೇಕು. ನಿಧಾನವಾಗಿ ಅರ್ಧ ಮುಚ್ಚಿದರೆ ಓವನ್ನಿಗೆ ಹೋಗಬಹುದು. ಮುಚ್ಚದೆ ಸುತ್ತಲಿನ ಹಿಟ್ಟೂ ಕುಸಿದರೆ ಹೊತ್ತು ಮೀರಿದೆ. ರಾಯಚೂರಿನವರಿಗೆ ತಣ್ಣೀರು ಬಳಸಿ ಎನ್ನಿ, ಯೀಸ್ಟನ್ನು ಅರ್ಧಕ್ಕಿಳಿಸಿ ಎನ್ನಿ. ಮಡಿಕೇರಿಯವರಿಗೆ ಉಗುರುಬೆಚ್ಚಗಿನ ನೀರು ಹೇಳಿ. ನಾದುವುದಕ್ಕೂ ‘ಹತ್ತು ನಿಮಿಷ’ ಎಂದಷ್ಟೇ ಬರೆದು ಬಿಡಬೇಡಿ. ನಿಂಬೆ ಗಾತ್ರದ ಹಿಟ್ಟನ್ನು ಎರಡೂ ಕೈಯ ಬೆರಳುಗಳಿಂದ ಹಿಗ್ಗಿಸಿ ಕಿಟಕಿಯ ಬೆಳಕಿಗೆ ಹಿಡಿದಾಗ, ಹರಿಯದೆ ತೆಳ್ಳಗೆ ಪರದೆಯಾಗಿ ಆಚೆಯ ಬೆಳಕು ಕಾಣಬೇಕು. ಅಲ್ಲಿಗೆ ನಾದಿದ್ದು ಸಾಕು. ಇದನ್ನು ಒಮ್ಮೆ ಕಣ್ಣಾರೆ ಕಂಡವಳಿಗೆ ಮತ್ತೆ ನಿಮಿಷದ ಲೆಕ್ಕ ಬೇಡ.

ಮೈದಾ ಬೇಡ, ಗೋಧಿಹಿಟ್ಟಿನಲ್ಲೇ ಮಾಡಿ ಎಂಬ ಸಲಹೆ ಈಗ ಎಲ್ಲೆಲ್ಲೂ ಇದೆ. ಒಳ್ಳೆಯ ಸಲಹೆ, ಆದರೆ ಅರ್ಧಕ್ಕೇ ನಿಂತಿದೆ. ಚಪಾತಿಗೆಂದು ಚಕ್ಕಿಯಲ್ಲಿ ಬೀಸಿದ ಹಿಟ್ಟು ಮೈದಾಕ್ಕಿಂತ ಹೆಚ್ಚು ನೀರು ಕುಡಿಯುತ್ತದೆ. ಅದರಲ್ಲಿರುವ ತೌಡಿನ ಚೂರುಗಳು ಹಿಟ್ಟಿನ ಜಿಗುಟನ್ನು ಕತ್ತರಿಸುತ್ತವೆ. ಆ ಜಿಗುಟೇ ಗಾಳಿಯನ್ನು ಹಿಡಿದಿಡುವುದು. ಮೈದಾದ ಲೆಕ್ಕದಲ್ಲೇ ನೀರು ಹಾಕಿದರೆ ಬ್ರೆಡ್ ಗಿಡ್ಡವಾಗಿ, ಪುಡಿಪುಡಿಯಾಗಿ ಬರುವುದೇ ಸಹಜ. 500 ಗ್ರಾಂ ಗೋಧಿಹಿಟ್ಟಿಗೆ 360 ಮಿಲಿಯಷ್ಟಾದರೂ ನೀರು ಬೇಕು, ಕಲಸಿ ಅರ್ಧ ಗಂಟೆ ಮುಚ್ಚಿಟ್ಟು ಆಮೇಲೆ ನಾದಬೇಕು. ಮೊದಮೊದಲು ಅರ್ಧ ಮೈದಾ, ಅರ್ಧ ಗೋಧಿ ಸಾಕು. ಉತ್ತರ ಕರ್ನಾಟಕದ ಜವೆ ಗೋಧಿ ಮಾದಲಿಗೆ, ಹುಗ್ಗಿಗೆ ಎಷ್ಟು ಚೆನ್ನವೋ ಉಬ್ಬಿದ ಬ್ರೆಡ್ಡಿಗೆ ಅಷ್ಟು ಹೊಂದುವುದಿಲ್ಲ, ಅದರ ಜಿಗುಟು ದುರ್ಬಲ. ಇದನ್ನೂ ಹೇಳಿಬಿಡಿ.

ಬೇರೆಯವರ ವಿದ್ಯೆಯನ್ನು ಹೇಗೆ ತರಬೇಕು ಎಂಬುದಕ್ಕೆ ನಮ್ಮಲ್ಲೇ ಹಿರಿಯರಿದ್ದಾರೆ. ಹಾಸನದ ಕಡೆಯ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಆರಂಭಿಸಿದರು. ಅಯ್ಯಂಗಾರ್ ಬೇಕರಿಗಳ ಕಥೆ ಶುರುವಾಗುವುದು ಅಲ್ಲಿಂದ. ಬ್ರೆಡ್ ಮಾಡುವ ಕಲೆಯನ್ನು ಅವರು ವೆಸ್ಟ್ ಎಂಡ್ ಹೋಟೆಲಿನ ನಂಟಿದ್ದ ಆಂಗ್ಲರೊಬ್ಬರಿಂದ ಕಲಿತರೆಂದು ಹೇಳುತ್ತಾರೆ. ಕಲಿತದ್ದು ಆಂಗ್ಲರಿಂದಲೇ ಇರಲಿ, ಕೌಂಟರಿನ ಗಾಜಿನ ಹಿಂದೆ ಬಂದು ಕೂತದ್ದು ಬೇರೆಯೇ. ಮೊಟ್ಟೆ ಇಲ್ಲ. ಬನ್ನಿನೊಳಗೆ ಪಲ್ಯ ಸೇರಿತು, ಬ್ರೆಡ್ಡಿಗೆ ಈರುಳ್ಳಿ, ಹಸಿಮೆಣಸಿನಕಾಯಿಯ ಟೋಸ್ಟ್ ಬಂತು, ಬಿಸ್ಕತ್ತಿಗೆ ಕೊತ್ತಂಬರಿ, ಕರಿಬೇವು ಬಿತ್ತು. ಆ ಬೇಕರಿಗಳು ಗಿರಾಕಿಯ ನಾಲಗೆಯನ್ನೂ ಅವನ ಮಡಿವಂತಿಕೆಯನ್ನೂ ತಿಳಿದು ಕೆಲಸ ಮಾಡಿದವು. ನಾನು ನಿಮ್ಮಿಂದ ಕೇಳುತ್ತಿರುವುದೂ ಅಂಥ ಕೆಲಸವನ್ನೇ.

ಖಾರಾ ಬಿಸ್ಕತ್ತಿನ ಮಾತು ಬಂದದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ಬೇಕರಿ ಶೈಲಿಯ ಬಿಸ್ಕತ್ತು’ ಎಂದು ತಲೆಬರಹ ಕೊಟ್ಟು ‘ಎಲ್ಲವನ್ನೂ ಸೇರಿಸಿ ಮೃದುವಾಗಿ ನಾದಿ’ ಎಂದು ಬರೆದರೆ ಬಿಸ್ಕತ್ತು ಅಲ್ಲಿಗೇ ಕೆಟ್ಟಿತು. ಬ್ರೆಡ್ಡಿಗೆ ಬೇಕಾದ ಜಿಗುಟು ಬಿಸ್ಕತ್ತಿಗೆ ಶತ್ರು. 200 ಗ್ರಾಂ ಮೈದಾಕ್ಕೆ ಅರ್ಧ ಚಮಚ ಬೇಕಿಂಗ್ ಪೌಡರ್ ಸೇರಿಸಿ ಜರಡಿ ಹಿಡಿದು, ಫ್ರಿಜ್ಜಿನಿಂದ ಆಗಷ್ಟೇ ತೆಗೆದ 100 ಗ್ರಾಂ ಬೆಣ್ಣೆಯನ್ನು ಚೂರು ಮಾಡಿ ಹಾಕಿ, ಬೆರಳ ತುದಿಯಿಂದ ಮಾತ್ರ ಉಜ್ಜಬೇಕು. ಅಂಗೈ ತಾಗಿಸಿದರೆ ಬೆಣ್ಣೆ ಕರಗಿಬಿಡುತ್ತದೆ. ಹಿಟ್ಟು ದಪ್ಪ ರವೆಯಂತಾದಾಗ ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ, ಚೂರು ಶುಂಠಿ, ಒಂದು ಚಮಚ ಉಪ್ಪು, ಎರಡು ಚಮಚ ಸಕ್ಕರೆ. ಆಮೇಲೆ ಎರಡು ದೊಡ್ಡ ಚಮಚ ಗಟ್ಟಿ ಮೊಸರು ಹಾಕಿ ಒತ್ತಿ ಒಟ್ಟುಗೂಡಿಸಿದರೆ ಮುಗಿಯಿತು, ನಾದುವುದಿಲ್ಲ. ನೀರು ಬೇಡವೇ ಬೇಡ, ಉಪ್ಪು ತಾಗಿದ ಸೊಪ್ಪೂ ಮೆಣಸಿನಕಾಯಿಯೂ ತಾವೇ ನೀರು ಬಿಡುತ್ತವೆ. ಬೆಣ್ಣೆ ಉಪ್ಪಿಲ್ಲದ್ದೋ ಉಪ್ಪು ಹಾಕಿದ್ದೋ ಎಂದು ದಯಮಾಡಿ ಬರೆಯಿರಿ. ಈ ಅಳತೆ ಉಪ್ಪಿಲ್ಲದ್ದಕ್ಕೆ. ಬ್ರೆಡ್ಡಿಗೆ ಸವರುವ ಹಳದಿ ಬೆಣ್ಣೆಯಾದರೆ ಉಪ್ಪನ್ನು ಅರ್ಧಕ್ಕಿಂತ ಕಡಿಮೆ ಮಾಡಬೇಕು. ಲಟ್ಟಿಸಿ, ಕತ್ತರಿಸಿ, ಫೋರ್ಕಿನಿಂದ ಚುಚ್ಚಿ, 175 ಡಿಗ್ರಿಯಲ್ಲಿ 18ರಿಂದ 20 ನಿಮಿಷ. ಅಂಚು ಕೆಂಪಾದ ಕೂಡಲೇ ತೆಗೆಯಬೇಕು. ಆಗ ಅದು ಮೆತ್ತಗೇ ಇರುತ್ತದೆ. ಗರಿಗರಿಯಾಗುವುದು ಆರಿದ ಮೇಲೆ. ‘ಗರಿಗರಿಯಾಗುವವರೆಗೆ ಬೇಯಿಸಿ’ ಎಂದು ನೀವು ಬರೆದ ಒಂದು ಸಾಲಿಗೆ ಎಷ್ಟು ತಟ್ಟೆ ಬಿಸ್ಕತ್ತು ಕಪ್ಪಾಗಿದೆಯೋ. ಕರಾವಳಿಯ ಮಳೆಗಾಲದಲ್ಲಿ ಮೆತ್ತಗಾದರೆ ಕಡಿಮೆ ಉರಿಯಲ್ಲಿ ಹತ್ತು ನಿಮಿಷ ಮತ್ತೆ ಒಣಗಿಸಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿದರೆ ಸರಿಹೋಗುತ್ತದೆ.

ರಾಗಿಯನ್ನು ನೀವು ಬ್ರೆಡ್ಡಿಗೆ ಒತ್ತಾಯದಿಂದ ತುರುಕುವುದನ್ನು ನೋಡಿ ನನಗೆ ನಿಜವಾಗಿ ಬೇಸರವಾಗಿದೆ. ರಾಗಿಯಲ್ಲಿ ಜಿಗುಟಿನ ಗ್ಲುಟನ್ ಇಲ್ಲವೇ ಇಲ್ಲ. ಅದೇ ಕಾರಣಕ್ಕೆ ಬಿಸ್ಕತ್ತಿಗೆ ಅದಕ್ಕಿಂತ ಒಳ್ಳೆಯ ಹಿಟ್ಟು ನಮ್ಮಲ್ಲಿ ಸಿಗದು. ಘಮ್ಮೆನ್ನುವವರೆಗೆ ಹುರಿದ ರಾಗಿಹಿಟ್ಟು, ಬೆಲ್ಲದ ಪುಡಿ, ತುಪ್ಪ, ಚಿಟಿಕೆ ಉಪ್ಪು, ಏಲಕ್ಕಿ. ಮಕ್ಕಳು ಕೇಳಿ ಕೇಳಿ ತಿನ್ನುತ್ತಾರೆ. ಹಾಸನ, ಮಂಡ್ಯ, ತುಮಕೂರಿನ ಓದುಗರಿಗೆ ನೀವು ಮೊದಲು ಕೊಡಬೇಕಾದ ಬಿಸ್ಕತ್ತು ಇದು.

ಇಷ್ಟೆಲ್ಲ ತಾಪತ್ರಯ ಏಕೆ, ಅಂಗಡಿಯಲ್ಲೇ ಸಿಗುತ್ತದಲ್ಲ ಎನ್ನುವವರಿದ್ದಾರೆ. 2016ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಆ ನಗರದಲ್ಲಿ ಪರೀಕ್ಷಿಸಿದ ಬ್ರೆಡ್, ಬನ್ನುಗಳ ಮಾದರಿಗಳಲ್ಲಿ ಹೆಚ್ಚಿನವುಗಳಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಅಥವಾ ಅಯೋಡೇಟ್ ಸಿಕ್ಕಿತ್ತು. ಅದೇ ವರ್ಷ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಬ್ರೋಮೇಟನ್ನು ನಿಷೇಧಿಸಿತು. ಹಿಟ್ಟಿನ ಬಲ ಹೆಚ್ಚಿಸಲು ಬಳಸುತ್ತಿದ್ದ ವಸ್ತು ಅದು. ಮನೆಯಲ್ಲಿ ಆ ಕೆಲಸವನ್ನು ನಾದುವ ಕೈ, ಕಾಯುವ ಹೊತ್ತು ಎರಡೂ ಸೇರಿ ಮಾಡುತ್ತವೆ. ಮನೆಯ ಬ್ರೆಡ್ ಮರುದಿನವೇ ಒಣಗುತ್ತದೆ ಎಂಬ ದೂರಿಗೂ ಔಷಧವಿದೆ. ಅಳೆದಿಟ್ಟ ಮೈದಾ, ನೀರಿನಿಂದಲೇ 25 ಗ್ರಾಂ ಹಿಟ್ಟು, 125 ಮಿಲಿ ನೀರು ತೆಗೆದು ಸಣ್ಣ ಉರಿಯಲ್ಲಿ ಕದಡುತ್ತ ಗಂಜಿ ಕಾಯಿಸಿ, ಆರಿಸಿ, ಉಳಿದ ಹಿಟ್ಟಿಗೆ ಸೇರಿಸಿ ನಾದಿದರೆ ಬ್ರೆಡ್ ಎರಡು ದಿನ ಮೆತ್ತಗಿರುತ್ತದೆ. ಜಪಾನ್, ತೈವಾನಿನ ಹಾಲಿನ ಬ್ರೆಡ್ಡುಗಳ ಮೃದುತ್ವ ಬರುವುದು ಹೀಗೆ. ಗಂಜಿ, ಅಂಬಲಿ ಕಾಯಿಸಿ ರೂಢಿಯಿರುವ ಮನೆಗೆ ಇದನ್ನು ಕಲಿಸಲು ಎರಡು ಸಾಲು ಸಾಕು. ಆ ಎರಡು ಸಾಲನ್ನು ಯಾರೂ ಬರೆಯುತ್ತಿಲ್ಲವಲ್ಲ ಎಂಬುದೇ ನನ್ನ ಸಂಕಟ.

ಓವನ್ ಬಗ್ಗೆಯೂ ಒಂದಿಷ್ಟು. ನಮ್ಮ ಮನೆಗಳ ಚಿಕ್ಕ ಓಟಿಜಿಯಲ್ಲಿ ಮೇಲಿನ ಸರಳು ಬ್ರೆಡ್ಡಿನ ತಲೆಗೆ ಬಹಳ ಹತ್ತಿರ. ಕೆಳಗಿನ ಅಂತಸ್ತಿನಲ್ಲಿಡಿ, ಹತ್ತು ಹದಿನೈದು ನಿಮಿಷ ಮೊದಲೇ ಕಾಯಿಸಿ, ಮೇಲೆ ಬೇಗ ಕೆಂಪಾದರೆ ಫಾಯಿಲ್ ಮುಚ್ಚಿ ಎಂದು ಬರೆಯಿರಿ. ಬರಿಯ ಮೈಕ್ರೊವೇವಿನಲ್ಲಿ ಬ್ರೆಡ್ ಕೆಂಪಗಾಗುವುದಿಲ್ಲ, ಕನ್ವೆಕ್ಷನ್ ಇರಬೇಕು. ಕುಕ್ಕರಿನಲ್ಲಿ ಮಾಡುವುದನ್ನು ತೋರಿಸುವಾಗ ಗ್ಯಾಸ್ಕೆಟ್ಟನ್ನೂ ಸೀಟಿಯನ್ನೂ ತೆಗೆದಿಡಿ ಎಂಬ ಎಚ್ಚರಿಕೆಯನ್ನು ಮೊದಲ ಸಾಲಿನಲ್ಲೇ ಹಾಕಿ, ಕೊನೆಯಲ್ಲಲ್ಲ. ಬೆಂದಿದೆಯೋ ಎಂದು ನೋಡಲು ಬ್ರೆಡ್ಡನ್ನು ತಲೆಕೆಳಗು ಮಾಡಿ ಬೆರಳಿನ ಗೆಣ್ಣಿನಿಂದ ತಟ್ಟಿದರೆ ಒಳಗೆ ಟೊಳ್ಳು ಸದ್ದು ಬರಬೇಕು.

ಮತ್ತೆ ಕರೆಂಟು. ನಿಮ್ಮ ಯಾವ ರೆಸಿಪಿಯಲ್ಲೂ ಕರೆಂಟು ಹೋಗುವುದಿಲ್ಲ, ನಮ್ಮ ಊರುಗಳಲ್ಲಿ ಹೋಗುತ್ತದೆ. ಬೇಯಲಿಟ್ಟ ಮೇಲೆ ಹೋದರೆ ಬಾಗಿಲು ತೆರೆಯಬಾರದು, ಒಳಗಿನ ಬಿಸಿಯೇ ಸ್ವಲ್ಪ ಹೊತ್ತು ಕಾಯುತ್ತದೆ. ಇಡುವ ಮೊದಲೇ ಹೋಗಿ ಹೊತ್ತು ಮೀರುತ್ತಿದ್ದರೆ ಹಿಟ್ಟನ್ನು ಒತ್ತಿ ಗಾಳಿ ತೆಗೆದು ಇನ್ನೊಮ್ಮೆ ಉಬ್ಬಲು ಬಿಡಬಹುದು. ಅಷ್ಟರಲ್ಲೂ ಬಾರದಿದ್ದರೆ ಅಂಗೈಯಗಲದ ದಪ್ಪ ಬಿಲ್ಲೆಗಳನ್ನು ತಟ್ಟಿ, ದೋಸೆಯ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಳ ಮುಚ್ಚಿ, ಒಂದೊಂದು ಬದಿ ಏಳೆಂಟು ನಿಮಿಷ ಬೇಯಿಸಿದರೆ ಹಿಟ್ಟು ಹಾಳಾಗದೆ ಚಟ್ನಿಪುಡಿ, ಬೆಣ್ಣೆಯ ಜೊತೆ ಮಕ್ಕಳ ಹೊಟ್ಟೆ ಸೇರುತ್ತದೆ. ಮುಂದಿನ ಸಂಚಿಕೆಯ ರೆಸಿಪಿಯಲ್ಲಿ ಈ ನಾಲ್ಕು ಸಾಲಿಗೆ ಜಾಗ ಮಾಡಿಕೊಡಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ ವಿಶ್ವಾಸದಿಂದ,
ಹಾಸನ ಜಿಲ್ಲೆಯ ನಿಮ್ಮ ಓದುಗರಲ್ಲಿ ಒಬ್ಬಳು